ಬಿಸಿಲಿನಿಂದ ಬಂದವರ ಮೈಮೇಲೆ ತಣ್ಣೀರು ಹಾಕಿದರೆ ರಕ್ತನಾಳ ಒಡೆಯುತ್ತದೆಯೇ? ಶ್ರೀಶೈಲಕ್ಕೆ ನಡೆದು ಹೋಗುವವರು ಇದನ್ನು ಓದಿ

ಯುಗಾದಿ ಹತ್ತಿರವಾದಂತೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆ ಯಾವತ್ತು ಹೊರಡುತ್ತದೆ ಎಂಬುದು. ಇನ್ನೊಂದು ಬಿಸಿಲಿನ ಎಚ್ಚರಿಕೆ. ಬಿಸಿಲಿನಿಂದ ಬಂದ ಕೂಡಲೇ ತಣ್ಣೀರು ಕುಡಿಯಬಾರದು, ಕೈಕಾಲು ತೊಳೆಯಬಾರದು, ಮೈಮೇಲೆ ನೀರು ಹಾಕಿಕೊಳ್ಳಬಾರದು. ಹಾಗೆ ಮಾಡಿದರೆ ಸಣ್ಣ ರಕ್ತನಾಳಗಳು ಒಡೆದು ಲಕ್ವ ಹೊಡೆಯುತ್ತದೆ ಎಂದು ಅದು ಹೇಳುತ್ತದೆ. ನಂಬಿಕೆ ಬರಲೆಂದು ಯಾರೋ ಒಬ್ಬ ಡಾಕ್ಟರ ಕಥೆಯನ್ನೂ ಅಂಟಿಸಿರುತ್ತಾರೆ.

ಈ ಎರಡನೆಯ ಸಂದೇಶ ಸುಳ್ಳು. ಮನೆಯಲ್ಲಿ ಫ್ಯಾನ್ ಕೆಳಗೆ ಕುಳಿತು ಓದುವವರಿಗೆ ಅದರಿಂದ ದೊಡ್ಡ ನಷ್ಟವೇನಿಲ್ಲ. ಆದರೆ ಪಾದಯಾತ್ರೆಗೆ ಹೊರಟವರು ಅದನ್ನು ನಂಬಿದರೆ ಜೀವಕ್ಕೇ ಕುತ್ತು. ಉಷ್ಣಾಘಾತಕ್ಕೆ, ಅಂದರೆ ಹೀಟ್ ಸ್ಟ್ರೋಕ್‌ಗೆ, ಮೊದಲ ಚಿಕಿತ್ಸೆಯೇ ತಣ್ಣೀರು. ಮಾಡಲೇಬೇಕಾದ ಕೆಲಸವನ್ನೇ ಈ ಸಂದೇಶ ಬೇಡ ಎನ್ನುತ್ತದೆ.

ಈ ನಡಿಗೆ ಸಣ್ಣದಲ್ಲ. ಅಥಣಿಯಿಂದ ಶ್ರೀಶೈಲಕ್ಕೆ ನಕ್ಷೆಯಲ್ಲಿ ನೇರ ಗೆರೆ ಎಳೆದರೂ 400 ಕಿ.ಮೀ. ದಾಟುತ್ತದೆ. ದಿನಕ್ಕೆ 35 ಕಿ.ಮೀ. ನಡೆದರೆ ಹನ್ನೆರಡು ದಿನವಾದರೂ ಬೇಕು. ಕಂಬಿ ಹೊತ್ತವರು, ಬರಿಗಾಲವರು, ಮರಗಾಲು ಕಟ್ಟಿಕೊಂಡ ಹುಡುಗರು, ವಯಸ್ಸಾದವರು ಎಲ್ಲರೂ ಇರುತ್ತಾರೆ. ಮ್ಯಾರಥಾನ್‌ನಲ್ಲಿ ಇರುವಂತೆ ಓಟಗಾರರ ನೋಂದಣಿ, ವೈದ್ಯರ ತಂಡ ಇಲ್ಲಿಲ್ಲ. ಊರವರೇ ಸೇರಿ, ಸಾಮಾನಿಗೊಂದು ಗಾಡಿ ಮಾಡಿಕೊಂಡು ಹೊರಡುತ್ತಾರೆ. ದಾರಿಯುದ್ದಕ್ಕೂ ದಾಸೋಹ ಸಿಗುತ್ತದೆ.

ಕಷ್ಟ ಇರುವುದು ಕೊನೆಯಲ್ಲಿ. ಆಂಧ್ರದ ಆತ್ಮಕೂರಿನ ಬಳಿಯ ವೆಂಕಟಾಪುರ ದಾಟಿದ ಮೇಲೆ ನಾಗಲೂಟಿ, ಪೆದ್ದಚೆರುವು, ಭೀಮನಕೊಳ, ಕೈಲಾಸದ್ವಾರ ಎಂದು ನಲ್ಲಮಲೆಯ ಹಾದಿ ಏರುತ್ತ ಇಳಿಯುತ್ತ ಸಾಗುತ್ತದೆ. ಸಾಮಾನಿನ ಗಾಡಿ ಈ ದಾರಿಯಲ್ಲಿ ಜತೆಗೆ ಬರಲಾರದು. ಕಾಡು ಎಂದ ಮೇಲೆ ನೆರಳಿರುತ್ತದೆ ಎಂದುಕೊಳ್ಳಬೇಡಿ. ನಲ್ಲಮಲೆ ಎಲೆ ಉದುರಿಸುವ ಒಣ ಕಾಡು. ಯುಗಾದಿಯ ಹೊತ್ತಿಗೆ ಬಹಳಷ್ಟು ಮರಗಳು ಬೋಳಾಗಿರುತ್ತವೆ. ಬೆನ್ನಿಗೆ ಬಿಸಿಲು, ಕಾಲ ಕೆಳಗೆ ಕಾದ ಕಲ್ಲು. ಇದೇ ಊರುಗಳಿಂದ ಆಷಾಢದಲ್ಲಿ ಪಂಢರಪುರಕ್ಕೂ ಜನ ನಡೆಯುತ್ತಾರೆ. ಆದರೆ ಅದು ಮಳೆಗಾಲ, ಅದರ ಲೆಕ್ಕವೇ ಬೇರೆ.

ನಡೆಯುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿಯೇ ಹೊರಬೀಳುತ್ತದೆ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದರೆ ಶಾಖ ಹೊರಗೆ ಹೋಗುವ ಬದಲು ಒಳಗೇ ಬರುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಬೆವರಿನ ಈ ಕೆಲಸ ಸಾಲದಾದಾಗ ಒಳಗಿನ ಉಷ್ಣತೆ 37ರಿಂದ 40 ಡಿಗ್ರಿಗೆ ಮತ್ತು ಅದಕ್ಕೂ ಮೇಲಕ್ಕೆ ಏರಿ, ಮಿದುಳು ಎಡವತೊಡಗುತ್ತದೆ.

ಇಲ್ಲೊಂದು ವಿಚಿತ್ರವಿದೆ. ಊರಿಂದಲೇ ನಡೆದು ಬಂದವರ ಕಾಲು ದಣಿದಿದ್ದರೂ ದೇಹ ಬಿಸಿಲಿಗೆ ಒಗ್ಗಿರುತ್ತದೆ. ಹೀಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆಮೇಲೆ ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಇರುತ್ತದೆ. ರಜೆ ಇಲ್ಲದೆ ಬಸ್ಸಿನಲ್ಲಿ ಆತ್ಮಕೂರಿಗೆ ಬಂದು, ಕಾಡಿನ ದಾರಿಯನ್ನಷ್ಟೇ ನಡೆಯುವ ಗಟ್ಟಿಮುಟ್ಟಾದ ಯುವಕನಿಗೆ ಈ ತಯಾರಿ ಇರುವುದಿಲ್ಲ. ನಮ್ಮ ಪ್ರಕಾರ ಗುಂಪಿನಲ್ಲಿ ಹೆಚ್ಚು ಕಣ್ಣಿಡಬೇಕಾದದ್ದು ಅವನ ಮೇಲೆ.

ಗುರುತಿಸುವುದು ಹೇಗೆ? ತಲೆನೋವು, ಸುಸ್ತು, ವಾಂತಿ, ಸ್ನಾಯು ಹಿಡಿತ ಇದ್ದು ಬುದ್ಧಿ ಸರಿಯಿದ್ದರೆ ಅದು ಬಳಲಿಕೆ. ನೆರಳು, ವಿಶ್ರಾಂತಿ, ಓಆರ್‌ಎಸ್ ಕೊಡಿ. ಮಾತು ತೊದಲಿದರೆ, ಹೆಸರು, ಊರು ಕೇಳಿದರೆ ತಪ್ಪು ಹೇಳಿದರೆ, ಕಾರಣವಿಲ್ಲದೆ ಸಿಟ್ಟಿಗೆದ್ದರೆ, ತೂರಾಡಿದರೆ ಅದನ್ನು ಉಷ್ಣಾಘಾತವೆಂದೇ ತಿಳಿಯಿರಿ. ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್ ಎಂಬುದೂ ತಪ್ಪು. ನಡೆಯುತ್ತಲೇ ಕುಸಿದವರ ಮೈ ಬೆವರಿನಿಂದ ತೊಯ್ದಿರಬಹುದು. ಯಾತ್ರೆಯಲ್ಲಿ ಇನ್ನೊಂದು ಅಪಾಯವಿದೆ. ಅಸಂಬದ್ಧವಾಗಿ ಮಾತಾಡಿ ಓಲಾಡುವವರನ್ನು ನೋಡಿ, ಮೈಮೇಲೆ ದೇವರು ಬಂದಿದೆ ಎಂದು ಸುತ್ತಲಿನವರು ಕೈಮುಗಿದು ನಿಂತುಬಿಡಬಹುದು. ಭಕ್ತಿಗೆ ಅಡ್ಡಿಯಿಲ್ಲ. ನೀರು ಸುರಿಯುತ್ತಲೇ ಕೈಮುಗಿಯಿರಿ.

ಹಾಗಾದರೆ ರಕ್ತನಾಳ ಒಡೆಯುವ ಕಥೆ ಹುಟ್ಟಿದ್ದೆಲ್ಲಿ? ಬಿಸಿಲಿಗೆ ಚರ್ಮದ ರಕ್ತನಾಳಗಳು ಹಿಗ್ಗಿರುತ್ತವೆ, ರಕ್ತದೊತ್ತಡ ತಗ್ಗಿರುತ್ತದೆ. ನಡಿಗೆ ನಿಲ್ಲಿಸಿದ ಕೂಡಲೇ ಕೆಲವರಿಗೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಬೀಳುವ ಮುನ್ನ ಕಾಲು ತೊಳೆದಿದ್ದರೆ ತಪ್ಪು ನೀರಿನದಾಗುತ್ತದೆ! ತಣ್ಣೀರು ತಗುಲಿದರೆ ನಾಳಗಳು ಕುಗ್ಗುತ್ತವೆಯೇ ಹೊರತು ಒಡೆಯುವುದಿಲ್ಲ. ಹೃದ್ರೋಗಿಗಳು ಕೊರೆಯುವ ನೀರಿಗೆ ಏಕಾಏಕಿ ಧುಮುಕುವುದು ಅಪಾಯ, ನಿಜ. ಅದು ಬೇರೆ ವಿಷಯ.

ಅಮೆರಿಕದ ಫಾಲ್‌ಮೌತ್ ಓಟದಲ್ಲಿ 18 ವರ್ಷಗಳಲ್ಲಿ ಉಷ್ಣಾಘಾತವಾದ 274 ಮಂದಿಯನ್ನು ಸ್ಥಳದಲ್ಲೇ ಮಂಜುಗಡ್ಡೆಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಂಪು ಮಾಡಲಾಯಿತು. ಎಲ್ಲರೂ ಬದುಕಿದರು. ನಲ್ಲಮಲೆಯಲ್ಲಿ ತೊಟ್ಟಿ ಸಿಗದು. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ತಲೆ, ಕುತ್ತಿಗೆ, ಎದೆ, ಕಂಕುಳಿನ ಮೇಲೆ ಸುರಿಯಿರಿ. ಒದ್ದೆ ಟವೆಲ್ ಹೊದಿಸಿ, ನಾಲ್ಕು ಜನ ನಿಂತು ಗಾಳಿ ಬೀಸಿ. ಟವೆಲ್ ಬಿಸಿಯಾದಂತೆ ಮತ್ತೆ ತೋಯಿಸಿ. ಮೊದಲ ಅರ್ಧ ಗಂಟೆ ಬಹಳ ಮುಖ್ಯ. ಒಬ್ಬರು ತಂಪು ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಆಂಧ್ರದಲ್ಲೂ ಅದೇ ನಂಬರು. ಕಾಡಿನಲ್ಲಿ ಸಿಗ್ನಲ್ ನಂಬುವಂತಿಲ್ಲ, ಹಾಗಾಗಿ ಹತ್ತಿರದ ಶಿಬಿರಕ್ಕೆ ಓಡಲೂ ಒಬ್ಬರು ಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಕೊಡಬೇಡಿ, ಇದು ಜ್ವರವಲ್ಲ, ಆ ಗುಳಿಗೆಗೆ ಈ ಶಾಖ ಬಗ್ಗುವುದಿಲ್ಲ.

ಕುಡಿಯುವ ವಿಷಯದಲ್ಲಿ ಅತಿಯೂ ಒಳ್ಳೆಯದಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಕುಸಿದಿತ್ತು. ಮುಖ್ಯ ಕಾರಣ ಅತಿಯಾಗಿ ಕುಡಿದದ್ದು. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ, ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಓಆರ್‌ಎಸ್ ಪುಡಿ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಭೀಮನಕೊಳದಿಂದ ಕೈಲಾಸದ್ವಾರಕ್ಕೆ ಏರುವ ಮೆಟ್ಟಿಲುಗಳನ್ನು ಮಧ್ಯಾಹ್ನ ಹತ್ತುವ ಹಾಗೆ ಲೆಕ್ಕ ಹಾಕಬೇಡಿ. ಬೆಳಗಿನ ತಂಪಿಗೆ ಆಗದಿದ್ದರೆ ಕೆಳಗೇ ಕುಳಿತು ಬಿಸಿಲು ಇಳಿದ ಮೇಲೆ ಹೊರಡಿ. ಗುಂಪಿನ ಹಿಂದೆ ಒಬ್ಬರನ್ನು ನೇಮಿಸಿ. ಅವರ ಕೈಯಲ್ಲಿ ಎರಡು ಬಾಟಲಿ ನೀರು ಇರಲಿ, ಒಂದು ಕುಡಿಯಲಿಕ್ಕೆ, ಇನ್ನೊಂದು ಸುರಿಯಲಿಕ್ಕೆ.