ಪೂಜಾ ಪೆಟ್ಟಿಗೆಯ ಹಳೆಯ ನಾಣ್ಯಗಳು

ದೀಪಾವಳಿಯ ಮುನ್ನಾದಿನ ಯಲಹಂಕದ ಬಂಧುಗಳೊಬ್ಬರ ಮನೆಗೆ ನಾವು ಹೋಗಿದ್ದೆವು. ಬೆಳ್ಳಿಯ ಕರಡಿಗೆ, ದೀಪದ ಕಂಬಗಳ ಜೊತೆಗೆ ಹಿರಿಯರು ಬಿಟ್ಟುಹೋದ ಹನ್ನೆರಡು ಬೆಳ್ಳಿ ರೂಪಾಯಿಗಳನ್ನೂ ಹರಡಿಕೊಂಡು, ಮನೆಯ ಸೊಸೆ ವಿಭೂತಿಯ ಪುಡಿಯಿಂದ ಒಂದೊಂದನ್ನೇ ತಿಕ್ಕುತ್ತಿದ್ದರು. ನಾಣ್ಯಗಳೇನೋ ಥಳಥಳಿಸುತ್ತಿದ್ದವು. ಆದರೆ ಒಂದನ್ನು ಕೈಗೆತ್ತಿಕೊಂಡು ನೋಡಿದರೆ ವಿಕ್ಟೋರಿಯಾ ರಾಣಿಯ ಮೂಗು ಸವೆದುಹೋಗಿತ್ತು, ಇಸವಿಯನ್ನು ಊಹಿಸಬೇಕಾಗಿತ್ತು. ವರುಷ ವರುಷವೂ ಭಕ್ತಿಯಿಂದಲೇ ನಡೆದುಬಂದ ಸವೆತವಿದು.

ಕರಡಿಗೆಯು ದಿನನಿತ್ಯದ ಬಳಕೆಯ ವಸ್ತು, ಅದು ಬೆಳಗಬೇಕು. ನಾಣ್ಯದ ಸಂಗತಿ ಬೇರೆ. ಅದರ ಬೆಲೆಯೆಲ್ಲ ಅಕ್ಷರದಲ್ಲಿ, ಮುದ್ರೆಯಲ್ಲಿ ಇದೆ. ವಿಭೂತಿ, ಸಬೀನಾಗಳ ಕಣಗಳು ಅದನ್ನು ಗೀರುತ್ತವೆ; ಹುಣಿಸೆ, ನಿಂಬೆಗಳ ಹುಳಿ ಲೋಹವನ್ನೇ ತಿನ್ನುತ್ತದೆ. ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ, ಗಾಳಿಯಲ್ಲಿನ ಗಂಧಕದ ಅಂಶ ತಾಗಿ ಮೂಡಿದ ತೆಳುವಾದ ಪದರ. ಬಲ್ಲ ಸಂಗ್ರಾಹಕರು ಆ ಕಪ್ಪನ್ನೇ ಮೆಚ್ಚುತ್ತಾರೆ. 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು. 1947ರ ರೂಪಾಯಿ ಬರಿಯ ನಿಕ್ಕಲ್. ಇಸವಿ ಅಳಿಸಿಹೋದರೆ ಅಕ್ಕಸಾಲಿಗನ ತಕ್ಕಡಿಯೊಂದೇ ಗತಿ.

ಯಶವಂತಪುರದಲ್ಲಿ 1965ರಲ್ಲಿ ರೋಮ್ ದೇಶದ ಬೆಳ್ಳಿ ನಾಣ್ಯಗಳು ನೆಲದಲ್ಲಿ ದೊರೆತವು. ಸುಮಾರು ಎರಡು ಸಾವಿರ ವರ್ಷಗಳ ಮೇಲೂ ಅವು ಅಗಸ್ಟಸ್, ಟೈಬೀರಿಯಸ್ ಮೊದಲಾದ ಚಕ್ರವರ್ತಿಗಳವೆಂದು ಗುರುತಿಸುವಂತಿದ್ದವು. ಅವುಗಳನ್ನು ಹಬ್ಬಕ್ಕೆ ತಿಕ್ಕುವವರು ಯಾರೂ ಇರಲಿಲ್ಲವಷ್ಟೆ!

ಪೂಜೆಗೆ ನಾಣ್ಯಗಳನ್ನು ಇಡಲೇಬಾರದೆಂದು ನಾವು ಹೇಳುತ್ತಿಲ್ಲ. ಅದಕ್ಕೆಂದು ಈಗಾಗಲೇ ಸವೆದಿರುವ ಒಂದೆರಡನ್ನು ಮೀಸಲಿಡಬಹುದು. ಅರಿಶಿನ, ಕುಂಕುಮ ತಾಗಿದ್ದರೆ ಶುದ್ಧವಾದ ನೀರಿನಲ್ಲಿ ಅದ್ದಿ, ಮೆತ್ತನೆಯ ಹತ್ತಿಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಬೇಕು, ಒರೆಸಬಾರದು. ಹಿಡಿಯುವಾಗ ಅಂಚನ್ನಷ್ಟೇ ಹಿಡಿಯಬೇಕು, ಬೆರಳಿನ ಬೆವರು ಕಾಲಾಂತರದಲ್ಲಿ ಅಚ್ಚೊತ್ತಿದಂತೆ ಮೂಡುತ್ತದೆ.

ಇಡುವ ಬಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ಅಂಗಡಿಗಳಲ್ಲಿ ಸಿಗುವ ಮೆತ್ತನೆಯ ಪಿ.ವಿ.ಸಿ. ಹಾಳೆಯ ಆಲ್ಬಮ್ಮು. ಕೆಲವು ವರ್ಷಗಳಲ್ಲಿ ಅದು ಹುಳಿಯಂಶವನ್ನು ಬಿಟ್ಟು, ನಾಣ್ಯದ ಮೇಲೆ ಹಸಿರು ಜಿಡ್ಡನ್ನು ಹಚ್ಚುತ್ತದೆ. ಪಾಲಿಯೆಸ್ಟರ್ ಚೀಲವೋ ಆಮ್ಲರಹಿತ ಕಾಗದದ ಲಕೋಟೆಯೋ ಆದರೆ ಒಳಿತು. ರಬ್ಬರ್ ಬ್ಯಾಂಡಿನಲ್ಲಿಯೂ ಗಂಧಕವಿರುತ್ತದೆ, ಬೇಡ. ವೃತ್ತಪತ್ರಿಕೆಯೂ ಬೇಡ. ಹೆಬ್ಬಾಳದ ಕೆರೆಯ ಬದಿಯ ಮನೆಗಳಂತಹ ಕಡೆ ಮಳೆಗಾಲದಲ್ಲಿ ಗೋಡೆ ತೇವ ಹಿಡಿಯುವುದರಿಂದ ಬೀರುವನ್ನು ಹೊರಗೋಡೆಗೆ ತಾಗಿಸದೆ, ಸಿಲಿಕಾ ಜೆಲ್ ಪೊಟ್ಟಣವನ್ನು ಜೊತೆಗಿಡುವುದು ಮೇಲು. ಮೈಸೂರಿನ ಆನೆಯ ಗುರುತಿನ ತಾಮ್ರದ ಕಾಸುಗಳನ್ನು ಬೆಳ್ಳಿಯೊಡನೆ ಬೆರೆಸಬಾರದು. ಅವುಗಳಲ್ಲಿ ತಿಳಿಹಸಿರು ಪುಡಿ ಉದುರತೊಡಗಿದ್ದನ್ನು ಕೂಡಲೇ ಬೇರೆಯಿಡಬೇಕು.

ಹೊರದೇಶದಲ್ಲಿರುವ ಮಕ್ಕಳಿಗೆ ಹಿರಿಯರ ನೆನಪೆಂದು ಕೊಟ್ಟುಕಳಿಸುವವರಿಗೆ ಇನ್ನೊಂದು ಮಾತು: ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪ್ರಾಚೀನ ವಸ್ತು, ಅದನ್ನು ಹೀಗೆ ಹೊರಗೆ ಒಯ್ಯುವಂತಿಲ್ಲ.

ಆ ಮನೆಯ ಹನ್ನೆರಡರಲ್ಲಿ ಐದನ್ನು ಇನ್ನೂ ಮುಟ್ಟಿರಲಿಲ್ಲ. ಆ ತಾಯಿ ವಿಭೂತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಆ ಐದರ ಇಸವಿಗಳನ್ನು ಮಗನಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡರು.