ವಚನಕ್ಕೆ ವಾದ್ಯವೋ, ವಾದ್ಯಕ್ಕೆ ವಚನವೋ?

ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಗಿಟಾರು, ಕೀಬೋರ್ಡು, ಡ್ರಮ್ಮುಗಳೊಡನೆ ಡೊಳ್ಳು, ತಮಟೆಗಳನ್ನೂ ಕೂಡಿಸಿಕೊಂಡು ಹಾಡುವ ಪದ್ಧತಿ ಈಚೆಗೆ ಬೆಳೆದಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಸೀಮೆಯಲ್ಲಿಯೂ ಈ ಧಾಟಿಗೆ ತಲೆದೂಗುವವರುಂಟು, ಮುಖ ಸಿಂಡರಿಸುವವರೂ ಉಂಟು.

ಮುಖ ಸಿಂಡರಿಸುವವರ ವಾದ ನನಗೆ ಒಪ್ಪಿಗೆಯಿಲ್ಲ. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ. ಮಲ್ಲಿಕಾರ್ಜುನ ಮನ್ಸೂರರಂಥವರು ವಚನವನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಮನೆಮಾತಾಗಿಸಿದ್ದು ಇಪ್ಪತ್ತನೆಯ ಶತಮಾನದ ಕೆಲಸವೇ. ಇಂದು ಭಜನೆಯ ಮನೆಗಳಲ್ಲಿ ಹಿರಿಯನಂತೆ ಕುಳಿತಿರುವ ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. 1940ರಿಂದ 1971ರವರೆಗೆ ಆಕಾಶವಾಣಿ ಅದಕ್ಕೆ ಬಾಗಿಲನ್ನೇ ಮುಚ್ಚಿತ್ತು. ತಾಳಮಾನಗಳ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ಹೇಳಿಕೊಂಡಿರುವಾಗ, ಇಂಥ ವಾದ್ಯವೇ ಸಲ್ಲುವುದೆಂದು ಕಟ್ಟಳೆ ಮಾಡಲು ನಾವಾರು?

ನನ್ನ ಆಕ್ಷೇಪಣೆ ಬೇರೆಯದು. ದಾಸರ ಕೀರ್ತನೆಗೆ ಪಲ್ಲವಿಯಿದೆ, ಚರಣಗಳಿವೆ. ತಾಳವನ್ನು ಬಯಸಿಯೇ ಅದು ಹುಟ್ಟಿದೆ. ಪುರಂದರದಾಸರ ಪದಕ್ಕೆ ಡ್ರಮ್ಮು ಬಾರಿಸಿದರೆ ಅದರ ಮೈಗೆ ಊನವಾಗದು. ವಚನದ ಮಾತು ಹಾಗಲ್ಲ. ಅದು ಛಂದಸ್ಸಿನ ಕಟ್ಟಿಗೆ ಒಳಗಾಗದ ಮಾತು; ಹೋಲಿಕೆಯ ಮೇಲೆ ಹೋಲಿಕೆಯಿಟ್ಟು ಮೆಟ್ಟಲೇರಿ, ಕೊನೆಗೆ ಒಂದು ಪ್ರಶ್ನೆಯನ್ನೋ ತೀರ್ಪನ್ನೋ ಅಂಕಿತದ ಮುಂದಿಟ್ಟು ನಿಲ್ಲುವಂಥದು. ಅದನ್ನು ಸಮತಾಳದ ಗಾಣಕ್ಕೆ ಹಾಕಿ, ಮೊದಲ ಸಾಲನ್ನೇ ಪಲ್ಲವಿ ಮಾಡಿ ಹತ್ತು ಸಲ ತಿರುಗಿಸಿದರೆ ಏನಾಗುತ್ತದೆ? ಕೊನೆಯ ಪ್ರಶ್ನೆ ಬರುವ ಹೊತ್ತಿಗೆ ಸಭಿಕರು ಚಪ್ಪಾಳೆಯಲ್ಲಿ ಮುಳುಗಿರುತ್ತಾರೆ. ಅಂಕಿತವು ಶರಣನು ಯಾರೊಡನೆ ಮಾತನಾಡುತ್ತಿದ್ದಾನೆಂಬುದರ ಗುರುತು. ಅದು ಬರಿಯ ಜಯಘೋಷವಾಗಿಬಿಡುತ್ತದೆ. ಕಪಟವನ್ನು ಕುರಿತ ವಚನಕ್ಕೆ ಕಪಟಿಯೂ ಕುಣಿಯಬಹುದಾದರೆ, ಆ ಹಾಡಿಕೆ ಎಷ್ಟೇ ಇಂಪಾಗಿದ್ದರೂ ಸೋತಂತೆಯೇ.

ಇದಕ್ಕೆ ಪರಿಹಾರವನ್ನು ಹೊರಗೆ ಹುಡುಕಬೇಕಾಗಿಲ್ಲ. ನಮ್ಮ ಪುರವಂತರು ಒಡಪು ಹೇಳುವುದನ್ನು ಕೇಳಿದವರು ಬಲ್ಲರು. ಒಡಪೂ ಗದ್ಯವೇ. ಪುರವಂತನು ಬಾಯಿ ತೆರೆದಾಗ ಸಮ್ಮಾಳ ಸುಮ್ಮನಾಗುತ್ತದೆ. ಮಾತು ಒಂದು ನಿಲುಗಡೆಗೆ ಬಂದಾಗ ಪೆಟ್ಟು ಬೀಳುತ್ತದೆ. ಒಡಪು ಮುಗಿದ ಮೇಲೆ ವಾದ್ಯಗಳೆಲ್ಲ ಒಮ್ಮೆಗೇ ಭೋರ್ಗರೆದು ಕುಣಿತ ಏಳುತ್ತದೆ. ಅಲ್ಲಿ ವಾದ್ಯವು ಮಾತನ್ನು ನುಂಗುವುದಿಲ್ಲ, ಮಾತಿಗೆ ಸಾಕ್ಷಿ ನುಡಿಯುತ್ತದೆ. ಓದು ಬಾರದ ಭಕ್ತನಿಗೂ ಒಂದಕ್ಷರ ತಪ್ಪದೆ ಒಡಪು ಕಿವಿಗೆ ಬೀಳುವುದು ಈ ಸಂಯಮದಿಂದಲೇ. ಜಾನಪದವೆಂದರೆ ಡೊಳ್ಳಿನ ಸದ್ದಷ್ಟೇ ಎಂದು ತಿಳಿದವರು ಅದರ ಮೌನವನ್ನು ಕಲಿಯದೆ ಬಿಟ್ಟಿದ್ದಾರೆ.

ಹೊಸ ಮೇಳದ ತರುಣರಲ್ಲಿ ನನ್ನ ಕೋರಿಕೆ ಇಷ್ಟೆ: ಗಿಟಾರನ್ನು ಕೆಳಗಿಡಬೇಡಿ. ವಚನವನ್ನು ಮೊದಲು ಹಾಡದೆ ಗಟ್ಟಿಯಾಗಿ ಓದಿ, ಅದು ಎಲ್ಲಿ ಉಸಿರು ಬಿಡುತ್ತದೆಂದು ನೋಡಿ. ಪೆಟ್ಟು ಅಲ್ಲಿ ಬೀಳಲಿ. ಕೊನೆಯ ಸಾಲಿಗೆ ವಾದ್ಯಗಳೆಲ್ಲ ಕೈಕಟ್ಟಿ ನಿಲ್ಲಲಿ. ಇಂದಿನ ಎಷ್ಟೋ ಮಕ್ಕಳು ವಚನವನ್ನು ಪುಸ್ತಕಕ್ಕಿಂತ ಮೊದಲು ಧ್ವನಿವರ್ಧಕದಲ್ಲಿ ಕೇಳುತ್ತಾರೆ. ಅವರು ರಾಗವನ್ನು ಗುನುಗುತ್ತ ಮನೆಗೆ ಹೋದರೆ ಸಂತೋಷ. ಆ ಪ್ರಶ್ನೆಯನ್ನೂ ಜೊತೆಗೆ ಹೊತ್ತೊಯ್ದರೆ ಮೇಳ ಸಾರ್ಥಕ.