ನಿಧಾನವೂ ನಿದಾನವೂ

ಕನ್ನಡದಲ್ಲಿ ‘ನಿಧಾನ’ವೆಂದರೆ ಸಾವಕಾಶ. ಆಯುರ್ವೇದದಲ್ಲಿ ‘ನಿದಾನ’ವೆಂದರೆ ರೋಗದ ಮೂಲವನ್ನು ಅರಿಯುವುದು. ಎರಡಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ. ಆದರೆ ಮೊದಲನೆಯದಿಲ್ಲದವನಿಗೆ ಎರಡನೆಯದು ಒದಗುವುದಿಲ್ಲವೆಂಬುದನ್ನು ದೇರೆಬೈಲಿನ ರಾಯರೊಬ್ಬರು ಕಲಿತದ್ದು ವೈದ್ಯರಿಂದಲ್ಲ, ಒಬ್ಬ ಮುದಿ ಮೇಸ್ತ್ರಿಯಿಂದ.

ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ಅವರ ಹಂಚಿನ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಒಂದು ಕೆಂಪು ಎಂ.ಜಿ.ಬಿ. ಕಾರು ಇದೆ; ಇಬ್ಬರೇ ಕೂಡಬಹುದಾದ, ಮಾಡು ಮಡಚುವ ಗಾಡಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ಎಲ್ಲ ಬಗೆಯವೂ ಸೇರಿ ಎಂ.ಜಿ.ಬಿ. ಕಾರುಗಳು ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ರಾಯರು ಅದನ್ನು ಮುಂಬಯಿಯ ನೌಕರಿಯ ಕಾಲದಲ್ಲಿ ಹಳತಾಗಿಯೇ ಕೊಂಡು, ಮಕ್ಕಳಂತೆಯೇ ಸಾಕಿದ್ದರು.

ಆ ಸಾಕುಮಗುವಿಗೆ ಈಗ ಒಂದು ದುರಭ್ಯಾಸ ಹತ್ತಿತ್ತು. ಬೆಳಿಗ್ಗೆ ತಣ್ಣಗಿರುವಾಗ ಕೀಲಿ ತಿರುಗಿಸಿದೊಡನೆ, ವೇಗದ ಪೆಡಲನ್ನು ಯಾರೂ ಮುಟ್ಟದಿದ್ದರೂ, ಎಂಜಿನ್ ನಿಮಿಷಕ್ಕೆ 2500 ಸುತ್ತಿಗೆ ಏರಿ ಗರ್ಜಿಸುತ್ತಿತ್ತು. ಪಕ್ಕದ ಮನೆಯ ವೃದ್ಧೆ ಬೆಚ್ಚಿ ಏಳುವರು. ರಾಯರು ಬಾನೆಟ್ ಎತ್ತಿ, ಕಣ್ಣಿಗೆ ಬಿದ್ದ ಐಡ್ಲಿಂಗ್ ಸ್ಕ್ರೂವನ್ನು ಸಡಿಲಿಸಿದರು. ಬೆಳಗಿನ ಗರ್ಜನೆ ಇಳಿಯಲಿಲ್ಲ. ಬದಲಿಗೆ ಬಿಸಿಯಾದ ಕಾರು ಕುಂಟಿಕಾನದ ಸಂದಣಿಯಲ್ಲಿ ನಿಂತೇಹೋಯಿತು. ಹಿಂದೆ ಬಸ್ಸುಗಳ ಹಾರ್ನು. ಮನೆಗೆ ಬಂದು ಮತ್ತೆ ಬಿಗಿದರು. ಮೂರು ವಾರ ಇದೇ ಬಿಗಿತ-ಸಡಿಲ. ಕೊನೆಗೆ ಮನೆಯಾಕೆ ಹೇಳಿದರು: “ಒಂದೋ ಅದರ ಬಾಯಿ ಮುಚ್ಚಿಸಿ, ಇಲ್ಲವೇ ಯಾರಿಗಾದರೂ ಕೊಟ್ಟುಬಿಡಿ.” ಕೊಳ್ಳಲು ಒಬ್ಬರು ಸಿದ್ಧರಿದ್ದರು, ಭಾನುವಾರ ಬಂದು ನೋಡುವುದಾಗಿ ಹೇಳಿಯೂ ಇದ್ದರು.

ರಾಯರು ಮೇಸ್ತ್ರಿಯ ಬಳಿಗೆ ಹೋದದ್ದು ಆಗ. ಆತ ಅಂಬಾಸಿಡರುಗಳ ನಡುವೆ ಕೂದಲು ನರೆಯಿಸಿಕೊಂಡವನು. ಎಂ.ಜಿ.ಬಿ. ಆತನಿಗೆ ಪರದೇಶದ ಪ್ರಾಣಿಯೇನೂ ಅಲ್ಲ: 1959ರಲ್ಲಿ ಅಂಬಾಸಿಡರಿಗೆ ಬಂದ 1489 ಸಿ.ಸಿ. ಎಂಜಿನ್ನೂ ಇದರ 1798 ಸಿ.ಸಿ. ಎಂಜಿನ್ನೂ ಒಂದೇ ವಂಶದವು.

“ಈಗಲೇ ತಂದಿದ್ದೇನೆ, ನೋಡಿಬಿಡಿ” ಎಂದರು ರಾಯರು.

“ಓಡಿಸಿಕೊಂಡು ಬಂದಿರಲ್ಲ, ಈಗ ಬಿಸಿ ಉಂಟು. ಚಳಿಯಲ್ಲಿ ಬರುವ ರೋಗವನ್ನು ಬಿಸಿಲಲ್ಲಿ ನೋಡಿ ಏನು ಹೇಳುವುದು ರಾಯರೇ? ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ. ನಾನು ಬರುವವರೆಗೆ ಯಾರೂ ಸ್ಟಾರ್ಟು ಮಾಡಬಾರದು.”

ಮರುದಿನ ಆರು ಗಂಟೆಗೆ ಆತ ಬಂದಾಗ ರಾಯರ ಮೊಮ್ಮಗ ಕೊಟ್ಟಿಗೆಯೊಳಗೆ ಟಾರ್ಚು ಹಿಡಿದು ಸಿದ್ಧನಾಗಿದ್ದ. ಸದ್ದು ಹೊರಗೆ ಹೋಗದಿರಲೆಂದು ರಾಯರು ಈಚೆಗೆ ಬಾಗಿಲು ಮುಚ್ಚಿಕೊಂಡೇ ಎಂಜಿನ್ ಓಡಿಸುತ್ತಿದ್ದರಂತೆ! ಮೇಸ್ತ್ರಿಯ ಮುಖ ಗಂಭೀರವಾಯಿತು. “ಮೊದಲು ಮಗುವನ್ನು ಹೊರಗೆ ಕರೆಯಿರಿ. ಗಾಡಿಯನ್ನೂ ಅಂಗಳಕ್ಕೆ ತಳ್ಳುವ. ಇದರ ಹೊಗೆಗೆ ವಾಸನೆ ಇದ್ದರೂ ಅದರೊಳಗಿನ ವಿಷಕ್ಕೆ ವಾಸನೆ ಇಲ್ಲ.” ಆತ ಹೇಳಿದ್ದು ಕಾರ್ಬನ್ ಮಾನಾಕ್ಸೈಡನ್ನು ಕುರಿತು. ಚೋಕ್ ಎಳೆದ ತಣ್ಣನೆಯ ಎಂಜಿನ್ ಅದನ್ನು ಹೇರಳವಾಗಿ ಹೊರಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಲವೇ ನಿಮಿಷಗಳಲ್ಲಿ ಅದು ಪ್ರಾಣಾಪಾಯಕ್ಕೆ ತಿರುಗಬಹುದು. ರಾಯರು ಮಾತಾಡಲಿಲ್ಲ, ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ನಿಂತರು.

ಇಷ್ಟಾಗಿ ಮೇಸ್ತ್ರಿ ಸ್ಪ್ಯಾನರನ್ನು ಮುಟ್ಟಲಿಲ್ಲ. ರಾಯರು ಚೋಕಿನ ಹಿಡಿಯನ್ನು ಮೆಲ್ಲನೆ ಎಳೆಯುತ್ತಿದ್ದರೆ, ಆತ ಬಾನೆಟ್ಟಿನ ಕೆಳಗೆ ಸುಮ್ಮನೆ ನೋಡುತ್ತ ನಿಂತ.

ಅಲ್ಲಿರುವುದು ಎರಡು ಎಸ್.ಯು. ಕಾರ್ಬುರೇಟರುಗಳು. ಪಾದರಕ್ಷೆಯ ವ್ಯಾಪಾರದ ಮನೆತನದ ಸ್ಕಿನ್ನರ್ ಸಹೋದರರು 1910ರಲ್ಲಿ ಸ್ಥಾಪಿಸಿದ ಕಂಪೆನಿಯ ಹೆಸರು ಅದು. ಅವರ ಮೊದಲಿನ ಕಾರ್ಬುರೇಟರುಗಳಲ್ಲಿ ಚರ್ಮದ ತಿದಿಯೇ ಇತ್ತು. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ, ಎಣ್ಣೆಯೂ ಮಂದವಾಗಿರುತ್ತದೆ. ಆದುದರಿಂದ ಚೋಕ್ ಎರಡು ಕೆಲಸ ಮಾಡುತ್ತದೆ. ಹಿಡಿಯ ಮೊದಲ ಎಳೆತಕ್ಕೆ ಒಂದು ಕ್ಯಾಮ್ ತಿರುಗಿ, ಫಾಸ್ಟ್ ಐಡಲ್ ಸ್ಕ್ರೂವನ್ನು ಒತ್ತಿ, ಥ್ರಾಟಲನ್ನು ತುಸು ತೆರೆಯುತ್ತದೆ. ಇನ್ನೂ ಎಳೆದರೆ ಜೆಟ್ ಕೆಳಗಿಳಿದು ಪೆಟ್ರೋಲು ಹೆಚ್ಚುತ್ತದೆ. ಹೀಗಾಗಿ ಬೆಳಗಿನಲ್ಲಿ ಎಂಜಿನ್ ಸಾವಿರ ಸುತ್ತಿನ ಆಸುಪಾಸಿಗೆ ಏರುವುದು ರೋಗವಲ್ಲ, ಧರ್ಮ. 2500 ಮಾತ್ರ ಅತಿಯಾಯಿತು.

ಮುಂದಿನ ಕಾರ್ಬುರೇಟರಿನ ಸ್ಕ್ರೂ ಹಿಂದಿನದಕ್ಕಿಂತ ಬಹಳ ಮೊದಲೇ ಕ್ಯಾಮನ್ನು ತಾಗುತ್ತಿತ್ತು. ಹಿಡಿ ಒಳಗಿರುವಾಗ ಅವೆರಡರ ನಡುವೆ ಸ್ವಲ್ಪವಾದರೂ ಸಂದು ಇರಬೇಕು. ಇಲ್ಲಿ ಒಂದು ಕಾಗದದ ಚೂರೂ ತೂರಲಿಲ್ಲ. “ಇದನ್ನು ಯಾರು ಬಿಗಿದದ್ದು?” ಎಂದು ಮೇಸ್ತ್ರಿ ಕೇಳಿದ.

ರಾಯರು ನೆನಪಿಸಿಕೊಂಡರು. ಮಳೆಗಾಲದ ಮೊದಲು ಕಾರು ಬೆಳಿಗ್ಗೆ ಸ್ಟಾರ್ಟಾಗಿ ಸಾಯುತ್ತಿತ್ತು. ನೆಂಟರ ಹುಡುಗನೊಬ್ಬ ಏನನ್ನೋ ತಿರುಗಿಸಿ ಸರಿಮಾಡಿಕೊಟ್ಟಿದ್ದ.

“ಹಾಗಾದರೆ ಈ ಗರ್ಜನೆ ರೋಗವಲ್ಲ ರಾಯರೇ, ಹಳೆಯ ಔಷಧ. ರೋಗ ಬೇರೆ ಎಲ್ಲೋ ಉಂಟು.”

ಈಗ ಎಂಜಿನ್ ಶುರುವಾಯಿತು. ಮುಳ್ಳು 2500ಕ್ಕೆ ಏರಿತು. ಚೋಕನ್ನು ಒಳಗೆ ತಳ್ಳಿದೊಡನೆ ಕುಸಿದು, ಏರಿಳಿದು, ಉಸಿರುಗಟ್ಟಿದವನಂತೆ ತಡವರಿಸಿತು. ಅದು ಸಾಯುವ ಮೊದಲೇ ಮೇಸ್ತ್ರಿ ಮ್ಯಾನಿಫೋಲ್ಡಿಗೆ ಸೇರುವ ರಬ್ಬರು ಕೊಳವೆಯನ್ನು ಇಕ್ಕಳದಿಂದ ಹಿಸುಕಿದ. ತಡವರಿಕೆ ನಿಂತಿತು! ಬಿಟ್ಟ, ಮತ್ತೆ ತಡವರಿಸಿತು. ಹಿಸುಕಿದ, ಸರಿಯಾಯಿತು. ಚಿಕಿತ್ಸೆಯನ್ನೇ ಪರೀಕ್ಷೆಯಾಗಿಸಿ ರೋಗವನ್ನು ಅರಿಯುವ ಈ ಕ್ರಮಕ್ಕೆ ನಮ್ಮ ಹಳೆಯ ವೈದ್ಯರು ಉಪಶಯವೆಂದು ಹೆಸರಿಟ್ಟಿದ್ದರು. ಕೊಳವೆಯನ್ನು ಕಳಚಿ ನೋಡಿದರೆ, ಬಾಗಿನ ಕೆಳಮೈಯಲ್ಲಿ, ನಿಂತು ನೋಡುವವರ ಕಣ್ಣಿಗೆ ಬೀಳದಂತೆ, ಉಗುರುದ್ದದ ಒಂದು ಬಿರುಕು.

ಕಾರ್ಬುರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಆ ಬಿರುಕಿನಿಂದ ನುಗ್ಗಿ ಮಿಶ್ರಣವನ್ನು ತೆಳುವಾಗಿಸಿತ್ತು. ಅದಕ್ಕೆ ಈ ಕಾಲದ ಪೆಟ್ರೋಲೂ ತುಸು ಕೈಜೋಡಿಸಿತ್ತು: ಒಂದು ತೂಕ ಪೆಟ್ರೋಲು ಉರಿಯಲು ಸುಮಾರು 14.7 ತೂಕ ಗಾಳಿ ಬೇಕಾದರೆ ಎಥನಾಲಿಗೆ 9 ಸಾಕು. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾದ ಮೇಲೆ, ಹಳೆಯ ಹೊಂದಿಕೆಯ ಕಾರ್ಬುರೇಟರಿನಲ್ಲಿ ಮಿಶ್ರಣ ಇನ್ನಷ್ಟು ತೆಳು. ತಣ್ಣನೆಯ ಎಂಜಿನ್ ಸಾಯತೊಡಗಿದ್ದು ಹೀಗೆ. ಹುಡುಗ ಬಿರುಕನ್ನು ಹುಡುಕದೆ ಥ್ರಾಟಲನ್ನು ತೆರೆದಿಟ್ಟ. ರಾಯರು ಅವನ ಸ್ಕ್ರೂವನ್ನು ಹುಡುಕದೆ ಇನ್ನೊಂದನ್ನು ಸಡಿಲಿಸಿದರು. ಒಂದು ತಪ್ಪಿನ ಮೇಲೆ ಇನ್ನೊಂದು ಮದ್ದು, ಆ ಮದ್ದಿನ ಮೇಲೆ ಮತ್ತೊಂದು.

ಹೊಸ ಕೊಳವೆ ಬಂತು. ಎರಡೂ ಫಾಸ್ಟ್ ಐಡಲ್ ಸ್ಕ್ರೂಗಳು ಏಕಕಾಲಕ್ಕೆ ತಾಗುವಂತೆ ಹೊಂದಿಕೊಂಡವು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಮಿಶ್ರಣವನ್ನೂ ಐಡ್ಲಿಂಗನ್ನೂ ಸರಿಪಡಿಸಿದ್ದಾಯಿತು. ಒಂದನ್ನು ತಿರುಗಿಸಿ, ಫಲ ನೋಡಿ, ಅನಂತರ ಇನ್ನೊಂದು.

ಹೊರಡುವಾಗ ಮೇಸ್ತ್ರಿ ಒಂದು ಮಾತು ಹೇಳಿದ: “ಚೋಕನ್ನು ಪೂರ್ತಿ ಎಳೆಯಬೇಡಿ. ಅದು ಹಿಮ ಬೀಳುವ ಊರಿನ ಲೆಕ್ಕ. ನಮ್ಮಲ್ಲಿ ಜನವರಿಯ ಬೆಳಿಗ್ಗೆಯೂ 20 ಡಿಗ್ರಿಯ ಆಚೀಚೆ. ಅರ್ಧ ಎಳೆದು, ಸ್ಟಾರ್ಟಾದ ಮೇಲೆ ಮೆಲ್ಲನೆ ತಳ್ಳುತ್ತ ಹೊರಟುಬಿಡಿ. ನಿಂತಲ್ಲೇ ಬಹಳ ಹೊತ್ತು ಓಡಿಸಿದರೆ ಹೆಚ್ಚಾದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ.”

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಮುಳ್ಳು 1100ರಲ್ಲಿ ನಿಂತಿತು. ಪಕ್ಕದ ಮನೆಯ ವೃದ್ಧೆ ಏಳಲಿಲ್ಲ. ಭಾನುವಾರ ಬರಬೇಕಿದ್ದವರಿಗೆ ರಾಯರು ಫೋನು ಮಾಡಿ ಕ್ಷಮೆ ಕೇಳಿದರು. ಆಮೇಲೆ ಬಡಗಿಯನ್ನು ಕರೆಸಿ ಕೊಟ್ಟಿಗೆಯ ಎರಡು ಬಾಗಿಲುಗಳನ್ನೂ ಕಳಚಿಸಿದರು. ಕಾರಣವನ್ನು ಮನೆಯಾಕೆ ಕೇಳಲಿಲ್ಲ. ಮೊಮ್ಮಗ ಆಗಲೇ ಹೇಳಿಯಾಗಿತ್ತು.